ಹೈ ಡೆಫಿನಿಷನ್ ಟೀವಿ: ಕೊಳ್ಳುವ ಮುನ್ನ ಕಣ್ಣಿನ ಲೆಕ್ಕ

ಹಬ್ಬ ಹತ್ತಿರ ಬಂತೆಂದರೆ ಟೀವಿ ಅಂಗಡಿಗಳಲ್ಲಿ ಜನಜಾತ್ರೆ. ಗೋಡೆಯ ತುಂಬ ಹೊಳೆಯುವ ಪರದೆಗಳು. ಎಲ್ಲದರಲ್ಲೂ ಅದೇ ಗಿಳಿ, ಅದೇ ಜಲಪಾತ. ‘ಇದು ಎಚ್‌ಡಿ ರೆಡಿ ಸಾರ್, ಪಕ್ಕದ್ದು ಫುಲ್ ಎಚ್‌ಡಿ, ಮೇಲಿರೋದು ಫೋರ್‌ಕೆ. ಇನ್ನೊಂದು ಏಳೆಂಟು ಸಾವಿರ ಹಾಕಿದ್ರೆ ಒಳ್ಳೇದೇ ಬರುತ್ತೆ’ ಎಂದು ಅಂಗಡಿಯಾತ ಒಂದೇ ಉಸಿರಿನಲ್ಲಿ ಒಪ್ಪಿಸುತ್ತಾನೆ. ‘ಅಪ್ಪಾ, ಅದೇ ತಗೊಳ್ಳೋಣ’ ಎಂದು ಮಗ ಕೈ ಜಗ್ಗುತ್ತಾನೆ. ಅಪ್ಪ ಅಮ್ಮನ ಮುಖ ನೋಡುತ್ತಾರೆ. ಅಷ್ಟು ಹಣದಲ್ಲಿ ಮಗಳ ಕಾಲೇಜಿನ ಪುಸ್ತಕಗಳು ಬರುತ್ತವಲ್ಲ ಎಂಬ ಲೆಕ್ಕ ಅಮ್ಮನ ಮನಸ್ಸಿನಲ್ಲಿ.

ಹೆಚ್ಚು ಹಣ ಕೊಟ್ಟರೆ ಕಣ್ಣಿಗೆ ನಿಜವಾಗಿಯೂ ಹೆಚ್ಚಿಗೆ ಏನಾದರೂ ಕಾಣುತ್ತದೆಯೇ? ಇದಕ್ಕೆ ಉತ್ತರ ಜಾಹೀರಾತಿನಲ್ಲಿಲ್ಲ. ಪ್ರೌಢಶಾಲೆಯ ಗಣಿತ ಮತ್ತು ಒಂದು ಅಳತೆ ಟೇಪು ಇದ್ದರೆ ಮನೆಯಲ್ಲೇ ಕಂಡುಕೊಳ್ಳಬಹುದು.

ಚುಕ್ಕಿಗಳ ಲೆಕ್ಕ

ಟೀವಿಯ ಚಿತ್ರವೂ ಒಂದು ಬಗೆಯ ರಂಗೋಲಿಯೇ. ಚುಕ್ಕಿಗಳು ಹೆಚ್ಚಿದಷ್ಟೂ ಚಿತ್ರ ನವಿರಾಗುತ್ತದೆ. ಈ ಚುಕ್ಕಿಗಳಿಗೇ ಪಿಕ್ಸೆಲ್ ಎಂದು ಹೆಸರು. ದೂರದರ್ಶನದ ಹಳೆಯ ಪ್ರಸಾರದಲ್ಲಿ ಪ್ರತಿ ಚಿತ್ರಕ್ಕೆ 625 ಗೆರೆಗಳಿದ್ದವು. ಅವುಗಳಲ್ಲಿ ಚಿತ್ರವಾಗಿ ಕಾಣುತ್ತಿದ್ದವು 576. ಒಂದು ಗೆರೆಗೆ 720 ಚುಕ್ಕಿಗಳೆಂದು ಹಿಡಿದರೆ ಒಟ್ಟು 4,14,720 ಚುಕ್ಕಿಗಳಾದವು.

ಎಚ್‌ಡಿ ರೆಡಿ ಎಂಬ ಟೀವಿಯಲ್ಲಿ ಸಾಮಾನ್ಯವಾಗಿ 1366 × 768, ಅಂದರೆ ಸುಮಾರು ಹತ್ತೂವರೆ ಲಕ್ಷ ಚುಕ್ಕಿಗಳು. ಫುಲ್ ಎಚ್‌ಡಿಯಲ್ಲಿ 1920 × 1080, ಅಂದರೆ 20,73,600. ಫೋರ್‌ಕೆಯಲ್ಲಿ 3840 × 2160, ಅಂದರೆ 82,94,400. ಫುಲ್ ಎಚ್‌ಡಿಯ ಸರಿಯಾಗಿ ನಾಲ್ಕು ಪಟ್ಟು.

ಹೈ ಡೆಫಿನಿಷನ್ ಟೀವಿಯ ಮೂಲ ಜಪಾನಿನಲ್ಲಿದೆ. ಟೋಕಿಯೊ ಒಲಿಂಪಿಕ್ಸ್ ನಡೆದ 1964ರಲ್ಲೇ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಈ ಸಂಶೋಧನೆಗೆ ಕೈಹಾಕಿತು. ಅದರ ಫಲವಾಗಿ 1125 ಗೆರೆಗಳ ವ್ಯವಸ್ಥೆ ರೂಪುಗೊಂಡಿತು. 4:3 ಅಳತೆಯ ಚೌಕದಂಥ ಪರದೆ ಹೋಗಿ 16:9ರ ಅಗಲ ಪರದೆ ಬಂತು. ಭಾರತದಲ್ಲಿ 2010ರ ಅಕ್ಟೋಬರಿನಲ್ಲಿ ದೆಹಲಿಯ ಕಾಮನ್‌ವೆಲ್ತ್ ಕ್ರೀಡಾಕೂಟವನ್ನು ದೂರದರ್ಶನ ಎಚ್‌ಡಿಯಲ್ಲಿ ಪ್ರಸಾರ ಮಾಡಿತು.

ಕಣ್ಣಿಗೂ ಒಂದು ಮಿತಿ

ಚುಕ್ಕಿಗಳನ್ನು ಎಷ್ಟು ಬೇಕಾದರೂ ಹೆಚ್ಚಿಸಬಹುದು. ಆದರೆ ನೋಡುವ ಕಣ್ಣು ಬದಲಾಗುವುದಿಲ್ಲ. ಸಾಮಾನ್ಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಕೋನದ ವಿವರವನ್ನು ಬೇರ್ಪಡಿಸಿ ನೋಡಬಲ್ಲದು. ಅದಕ್ಕಿಂತ ಚಿಕ್ಕದಾದರೆ ಎರಡು ಚುಕ್ಕಿಗಳು ಕಲೆತು ಒಂದೇ ಆಗಿ ಕಾಣುತ್ತವೆ.

ವಿದ್ಯಾರ್ಥಿಗಳು ಇದನ್ನು ಸ್ವತಃ ಪರೀಕ್ಷಿಸಬಹುದು. ಗ್ರಾಫ್ ಹಾಳೆಯ ನೆರವಿನಿಂದ ಬಿಳಿ ಕಾಗದದ ಮೇಲೆ 1 ಮಿ.ಮೀ. ದಪ್ಪದ ಹತ್ತಾರು ಕಪ್ಪು ಗೆರೆಗಳನ್ನು, ನಡುವೆ 1 ಮಿ.ಮೀ. ಜಾಗ ಬಿಡುತ್ತ ಎಳೆಯಿರಿ. ಒಳ್ಳೆಯ ಬೆಳಕಿರುವ ಗೋಡೆಗೆ ಅಂಟಿಸಿ, ಒಂದೊಂದೇ ಹೆಜ್ಜೆ ಹಿಂದೆ ಸರಿಯಿರಿ. ಸುಮಾರು 3.4 ಮೀಟರ್ ದೂರದ ಆಸುಪಾಸಿನಲ್ಲಿ ಗೆರೆಗಳು ಮಾಯವಾಗಿ ಬರೀ ಬೂದು ಬಣ್ಣ ಉಳಿಯುತ್ತದೆ. ಅಷ್ಟು ದೂರದಲ್ಲಿ 1 ಮಿ.ಮೀ. ಅಗಲ ಕಣ್ಣಿನಲ್ಲಿ ಮಾಡುವ ಕೋನ ಡಿಗ್ರಿಯ 60ನೇ ಒಂದು ಭಾಗ. ಕಣ್ಣು ಚುರುಕಾಗಿದ್ದವರಿಗೆ ಇನ್ನೂ ತುಸು ದೂರದವರೆಗೆ ಗೆರೆಗಳು ಕಂಡಾವು.

ಈಗ ಇದನ್ನೇ ಟೀವಿಗೆ ಅನ್ವಯಿಸೋಣ. 1080 ಗೆರೆಗಳನ್ನು 60ರಿಂದ ಭಾಗಿಸಿದರೆ 18 ಡಿಗ್ರಿ. ಪರದೆಯ ಎತ್ತರ ಕಣ್ಣಿನಲ್ಲಿ 18 ಡಿಗ್ರಿ ಕೋನ ಮಾಡಬೇಕಾದರೆ ಆ ಎತ್ತರದ ಮೂರು ಪಟ್ಟಿಗಿಂತ ತುಸು ಹೆಚ್ಚು ದೂರದಲ್ಲಿ ಕೂರಬೇಕು. ಅದಕ್ಕಿಂತ ಹಿಂದೆ ಕುಳಿತವರಿಗೆ ಫುಲ್ ಎಚ್‌ಡಿಯ ಎಲ್ಲ ಚುಕ್ಕಿಗಳೂ ಬೇರೆ ಬೇರೆಯಾಗಿ ಕಾಣುವುದಿಲ್ಲ.

32 ಇಂಚಿನ ಪರದೆಯ ಎತ್ತರ ಸುಮಾರು 40 ಸೆಂ.ಮೀ. ಆ ಅಳತೆಯ ಎಚ್‌ಡಿ ರೆಡಿ ಟೀವಿಯ ಚುಕ್ಕಿಗಳು ಆರಡಿ ದೂರದಲ್ಲೇ ಕಲೆತುಹೋಗುತ್ತವೆ. ಫುಲ್ ಎಚ್‌ಡಿಯದಾದರೆ ಸುಮಾರು ನಾಲ್ಕಡಿಗೆ. ಹಜಾರದಲ್ಲಿ ಒಂಬತ್ತು ಅಡಿ ದೂರದಲ್ಲಿ ಕೂರುವ ಮನೆಯವರಿಗೆ ಇವೆರಡರ ನಡುವಿನ ಚುಕ್ಕಿಗಳ ಅಂತರ ಕಾಣದು. 43 ಇಂಚಿನ ಫುಲ್ ಎಚ್‌ಡಿಗೆ ಈ ಗಡಿ ಐದೂವರೆ ಅಡಿ. ಅದೇ ಅಳತೆಯ ಫೋರ್‌ಕೆಗೆ ಮೂರಡಿಗೂ ಕಡಿಮೆ. ಮೂರಡಿ ದೂರದಲ್ಲಿ ಕೂತು ಟೀವಿ ನೋಡುವವರು ಯಾರು? ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಮನೆಯಲ್ಲಿ ಸೋಫಾದಿಂದ ಗೋಡೆಯವರೆಗೆ ಟೇಪು ಹಿಡಿಯಿರಿ. ದೂರ ಗೊತ್ತಾದರೆ ಪರದೆಯ ಅಳತೆ ತಾನೇ ಗೊತ್ತಾಗುತ್ತದೆ. ಚುಕ್ಕಿಗಳ ಸಂಖ್ಯೆಯ ಮಾತು ಆಮೇಲೆ.

ಚಿತ್ರ ಬರುವುದು ಎಲ್ಲಿಂದ?

ಎಚ್‌ಡಿ ಟೀವಿ ತಂದ ಮಾತ್ರಕ್ಕೆ ಎಚ್‌ಡಿ ಚಿತ್ರ ಬರುವುದಿಲ್ಲ. ಬಾವಿಯಲ್ಲಿ ಇಲ್ಲದ್ದು ಕೊಡಕ್ಕೆ ಎಲ್ಲಿಂದ ಬರಬೇಕು? ಎಚ್‌ಡಿ ವಾಹಿನಿಗೆ ಚಂದಾ ಕಟ್ಟಿರಬೇಕು, ಸೆಟ್‌ಟಾಪ್ ಪೆಟ್ಟಿಗೆಯೂ ಎಚ್‌ಡಿಯದೇ ಆಗಿರಬೇಕು, ಪೆಟ್ಟಿಗೆಯಿಂದ ಟೀವಿಗೆ ಎಚ್‌ಡಿಎಂಐ ಕೇಬಲ್ ಇರಬೇಕು. ಅನೇಕ ಮನೆಗಳಲ್ಲಿ ಹಳೆಯ ಕೆಂಪು, ಬಿಳಿ, ಹಳದಿ ಪಿನ್ನುಗಳ ವೈರನ್ನೇ ಹೊಸ ಟೀವಿಗೂ ಸಿಕ್ಕಿಸಿರುತ್ತಾರೆ. ಆ ಹಳದಿ ಪಿನ್ನಿನಲ್ಲಿ ಎಚ್‌ಡಿ ಚಿತ್ರ ಹರಿಯುವುದೇ ಇಲ್ಲ. ತಿಂಗಳು ತಿಂಗಳು ಎಚ್‌ಡಿ ಚಂದಾ ಕಟ್ಟುತ್ತ, ಹಳೆಯ ಚಿತ್ರವನ್ನೇ ದೊಡ್ಡದು ಮಾಡಿಕೊಂಡು ನೋಡುವ ಮನೆಗಳಿಗೇನೂ ಕೊರತೆಯಿಲ್ಲ.

ಇಂಟರ್‌ನೆಟ್ಟಿನಿಂದ ನೋಡುವವರು ಇನ್ನೊಂದು ಲೆಕ್ಕ ಹಾಕಬೇಕು. ಸೆಕೆಂಡಿಗೆ 50 ಲಕ್ಷ ಬಿಟ್ ವೇಗದಲ್ಲಿ ಚಿತ್ರ ಬಂದರೆ ಒಂದು ಗಂಟೆಗೆ ಸುಮಾರು 2.25 ಗಿಗಾಬೈಟ್ ಖರ್ಚಾಗುತ್ತದೆ. ಮೊಬೈಲಿನ ದಿನದ ಪಾಲು ನಂಬಿಕೊಂಡರೆ ಒಂದು ಸಿನಿಮಾ ಮುಗಿಯುವ ಮೊದಲೇ ಡಾಟಾ ಮುಗಿದೀತು.

ಬೆಂಗಳೂರಿನವರ ಪಾಲು

ಇಲ್ಲಿ ಕನ್ನಡ ನಾಡಿನ ವಿದ್ಯಾರ್ಥಿಗಳು ತಿಳಿಯಲೇಬೇಕಾದ ಸಂಗತಿಯೊಂದಿದೆ. ಫುಲ್ ಎಚ್‌ಡಿಯ ಪ್ರತಿ ಚುಕ್ಕಿಗೆ 24 ಬಿಟ್‌ನಂತೆ, ಸೆಕೆಂಡಿಗೆ 25 ಚಿತ್ರಗಳನ್ನು ಹಾಗೆಯೇ ಕಳಿಸಬೇಕಾದರೆ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್ ಬೇಕು. ಇಷ್ಟನ್ನು ಯಾವ ವಾಹಿನಿಯೂ ಮನೆಮನೆಗೆ ಕಳಿಸಲಾರದು. ಚಿತ್ರವನ್ನು ನೂರು ಪಟ್ಟು, ಅದಕ್ಕೂ ಹೆಚ್ಚು ಸಂಕುಚಿತಗೊಳಿಸಿಯೇ ಕಳಿಸಬೇಕು. ಈ ಸಂಕೋಚನದ ತಳಹದಿಯಲ್ಲಿರುವ ಗಣಿತ ವಿಧಾನದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. ಇದನ್ನು ರೂಪಿಸಿದವರು 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜೆಂದು ಇಂದು ಪ್ರಸಿದ್ಧವಾದ ಕಾಲೇಜಿನಲ್ಲಿ ಓದಿದ ನಾಸಿರ್ ಅಹ್ಮದ್. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ ಅವರು ಬರೆದ ಪ್ರಬಂಧ 1974ರಲ್ಲಿ ಪ್ರಕಟವಾಯಿತು. ಜೆಪೆಗ್ ಛಾಯಾಚಿತ್ರ, ಎಂಪೆಗ್ ವಿಡಿಯೊ ಎರಡೂ ಅದನ್ನೇ ಆಧರಿಸಿವೆ. ತರಗತಿಯಲ್ಲಿ ‘ಈ ಸೈನ್, ಕೊಸೈನ್ ಯಾತಕ್ಕೆ ಉಪಯೋಗ?’ ಎಂದು ಕೇಳುವ ಮಕ್ಕಳಿಗೆ ಮನೆಯ ಟೀವಿಯನ್ನೇ ತೋರಿಸಬಹುದು.

ಹೆಸರಿನ ಗೊಂದಲ, ಅಂಗಡಿಯ ಬೆಳಕು

ಎಲ್‌ಇಡಿ ಟೀವಿ ಎಂದು ಮಾರುವುದು ಬಹುಮಟ್ಟಿಗೆ ಎಲ್‌ಸಿಡಿ ಟೀವಿಯೇ. ಚಿತ್ರ ಮೂಡುವುದು ದ್ರವಹರಳಿನ ಪದರದಲ್ಲಿ. ಹಿಂದಿನಿಂದ ಬೆಳಕು ಚೆಲ್ಲುವುದಕ್ಕೆ ಮಾತ್ರ ಎಲ್‌ಇಡಿ ದೀಪಗಳು. ಓಎಲ್‌ಇಡಿಯಲ್ಲಿ ಹಾಗಲ್ಲ, ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಆದ್ದರಿಂದ ಅದರಲ್ಲಿ ಕಪ್ಪು ನಿಜವಾದ ಕಪ್ಪಾಗಿ ಕಾಣುತ್ತದೆ, ಬೆಲೆಯೂ ಹೆಚ್ಚು.

ಅಂಗಡಿಯಲ್ಲಿ ಬಣ್ಣಗಳನ್ನು ಕಣ್ಣು ಕುಕ್ಕುವಂತೆ ಏರಿಸಿಟ್ಟಿರುತ್ತಾರೆ. ಗಿಳಿ, ಜಲಪಾತ ಬಿಟ್ಟು ದಿನನಿತ್ಯದ ವಾರ್ತೆ ಹಾಕಿಸಿ ನೋಡಿ. ಮನುಷ್ಯನ ಮುಖದ ಬಣ್ಣ ಸಹಜವಾಗಿದೆಯೇ, ಪಕ್ಕಕ್ಕೆ ನಿಂತು ನೋಡಿದರೆ ಚಿತ್ರ ಮಸುಕಾಗುತ್ತದೆಯೇ, ಮಾತು ಸ್ಪಷ್ಟವಾಗಿ ಕೇಳುತ್ತದೆಯೇ ಎಂಬುದನ್ನು ಗಮನಿಸಿ. ನಿಮ್ಮ ಊರಿನಲ್ಲಿ ರಿಪೇರಿ ವ್ಯವಸ್ಥೆ ಇದೆಯೇ ಎಂದೂ ಕೇಳಿ. ಹಳ್ಳಿಯಿಂದ ಜಿಲ್ಲಾ ಕೇಂದ್ರಕ್ಕೆ ಟೀವಿ ಹೊತ್ತು ತಿರುಗುವುದು ಸುಲಭವಲ್ಲ.

ಮನೆಗೆ ಬಂದ ಮೇಲೆ

ನೂರು ವ್ಯಾಟಿನ ಟೀವಿ ದಿನಕ್ಕೆ ಐದು ಗಂಟೆ ಉರಿದರೆ ಅರ್ಧ ಯೂನಿಟ್, ತಿಂಗಳಿಗೆ 15 ಯೂನಿಟ್ ವಿದ್ಯುತ್ತು. ಬೆಳಕನ್ನು ತಗ್ಗಿಸಿಟ್ಟರೆ ಬಿಲ್ಲೂ ತಗ್ಗುತ್ತದೆ, ಕಣ್ಣಿಗೂ ಹಿತ. ಪರದೆಗೆ ನೀರು ಚಿಮುಕಿಸಬಾರದು. ಒಣಗಿದ ಮೆದು ಬಟ್ಟೆ ಸಾಕು. ಗುಡುಗು ಮಿಂಚಿನ ಮುನ್ಸೂಚನೆ ಇದ್ದಾಗ ಮೊದಲೇ ವಿದ್ಯುತ್ ಪ್ಲಗ್ಗಿನ ಜೊತೆ ಡಿಶ್ ಇಲ್ಲವೇ ಕೇಬಲ್ಲಿನ ವೈರನ್ನೂ ಕಳಚಿಡಬೇಕು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಟೀವಿಯನ್ನು ಗೋಡೆಗೆ ಭದ್ರಪಡಿಸುವುದು ಲೇಸು. ಕಿರಿದಾದ ಕಾಲಿನ ಮೇಲೆ ನಿಂತ ಟೀವಿ ಎಳೆದರೆ ಮಗುವಿನ ಮೇಲೇ ಬೀಳುತ್ತದೆ. ಹಳೆಯ ಡಬ್ಬಿ ಟೀವಿಯನ್ನು ಒಡೆದು ಮಾರಬೇಡಿ. ಅದರ ಗಾಜಿನಲ್ಲಿ ಸೀಸವಿರುತ್ತದೆ. ಇ-ತ್ಯಾಜ್ಯ ಸಂಗ್ರಹಿಸುವವರಿಗೇ ಒಪ್ಪಿಸಬೇಕು.

ಕೊನೆಯದಾಗಿ, ಗೋಡೆಗೆ ಅಂಟಿಸಿದ ಆ ಗೆರೆಗಳ ಹಾಳೆಯನ್ನು ಕೂಡಲೇ ಕಿತ್ತು ಎಸೆಯಬೇಡಿ. ಮನೆಯ ಎಲ್ಲ ಮಕ್ಕಳನ್ನೂ ಅದರ ಮುಂದೆ ನಿಲ್ಲಿಸಿ ನೋಡಿ. ಅಕ್ಕನಿಗೆ ಮೂರು ಮೀಟರಿನಲ್ಲಿ ಕಾಣುವ ಗೆರೆಗಳು ತಮ್ಮನಿಗೆ ಒಂದೂವರೆ ಮೀಟರಿನಲ್ಲೇ ಮಾಯವಾದರೆ ಆತನ ಕಣ್ಣನ್ನು ವೈದ್ಯರಿಗೆ ತೋರಿಸಬೇಕು. ಹತ್ತಿರ ಕೂತು ಟೀವಿ ನೋಡುವ ಮಗುವನ್ನು ‘ಹಿಂದೆ ಸರಿ, ಕಣ್ಣು ಹಾಳಾಗುತ್ತೆ’ ಎಂದು ಗದರಿಸುವುದು ಎಲ್ಲ ಮನೆಗಳ ರೂಢಿ. ಅನೇಕ ಸಲ ವಿಷಯ ತಲೆಕೆಳಗು: ದೂರದ್ದು ಮಸುಕಾಗಿ ಕಾಣುವುದರಿಂದಲೇ ಮಗು ಹತ್ತಿರ ಹೋಗಿರುತ್ತದೆ. ತರಗತಿಯ ಕರಿಹಲಗೆಯೂ ಅದಕ್ಕೆ ಹಾಗೆಯೇ ಕಾಣುತ್ತಿರುತ್ತದೆ; ಹೇಳಲು ತಿಳಿಯುವುದಿಲ್ಲ, ಅಂಕ ಕಡಿಮೆಯಾದಾಗ ಬೈಸಿಕೊಳ್ಳುತ್ತದೆ. ಅಂಥ ಮಗುವಿಗೆ ಎಂಬತ್ತು ಲಕ್ಷ ಚುಕ್ಕಿಗಳ ಟೀವಿಗಿಂತ ಸರಿಯಾದ ನಂಬರಿನ ಒಂದು ಕನ್ನಡಕ ಮೊದಲು ಬೇಕು. ಅದರ ಬೆಲೆ ಅಂಗಡಿಯಾತ ಕೇಳಿದ ಆ ಏಳೆಂಟು ಸಾವಿರಕ್ಕಿಂತ ಬಹಳ ಕಡಿಮೆ.