ನಿಮ್ಮ ಮೈಗೆ ಒಗ್ಗುವ ಕಸರತ್ತು ಯಾವುದು?

‘ಜಿಮ್‌ಗೆ ಹೋಗೋಕೆ ಟೈಮ್ ಎಲ್ಲಿದೆ ಕಣ್ರೀ? ಮನೇಲೇ ಏನಾದ್ರೂ ಮಾಡ್ಕೋತೀನಿ’ ಅಂತ ನೀವೂ ಹೇಳಿರಬಹುದು. ಹೇಳಿದ ಮರುದಿನವೇ ಮೊಬೈಲಿನಲ್ಲಿ ‘30 ದಿನದಲ್ಲಿ ಹೊಟ್ಟೆ ಮಾಯ’ ಎಂಬಂಥ ಯೋಜನೆಯೊಂದನ್ನು ಹುಡುಕಿ, ನಡುಮನೆಯಲ್ಲಿ ಚಾಪೆ ಹಾಸಿಯೂ ಆಗಿರಬಹುದು. ಮೊದಲ ದಿನ ಭಾರೀ ಹುಮ್ಮಸ್ಸು. ಎರಡನೇ ದಿನ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದು. ಆರನೇ ದಿನ ಮೊಣಕಾಲು ಚುಳುಕ್ ಅಂದಿತೋ, ಚಾಪೆ ಸುರುಳಿ ಸುತ್ತಿಕೊಂಡು ಬೀರುವಿನ ಹಿಂದೆ! ನನ್ನದೂ ಇದೇ ಕಥೆ. ಆಗ ನನ್ನ ಸೋಮಾರಿತನವನ್ನೇ ಬೈದುಕೊಂಡೆ. ನಿಜವಾಗಿ ತಪ್ಪಿದ್ದು ನಾನು ಆರಿಸಿಕೊಂಡ ಯೋಜನೆ.

ನಮ್ಮ ಮೈಭಾರವನ್ನೇ ಎತ್ತಿ ಇಳಿಸುವ ಈ ಕಸರತ್ತು ಸೊಂಟ ಸಣ್ಣಗಾಗಲಿ ಎಂಬುದಕ್ಕಷ್ಟೇ ಅಲ್ಲ. ಮೂವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗತೊಡಗುತ್ತದೆ. ಮುಟ್ಟು ನಿಂತ ನಂತರ ಈಸ್ಟ್ರೋಜನ್ ಇಳಿದು ಮೂಳೆ ಬೇಗ ಬೇಗ ಸವೆಯುತ್ತದೆ. ಬಚ್ಚಲಲ್ಲಿ ಜಾರಿ, ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದ ಅಜ್ಜಿಯೊಬ್ಬರು ನಿಮ್ಮ ಬಳಗದಲ್ಲೂ ಇದ್ದಾರು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಹೇಳಿ ಸುಮ್ಮನಾಗಿಲ್ಲ. ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮವೂ ಬೇಕು ಎಂದಿದೆ. ‘ದಿನಾ ವಾಕಿಂಗ್ ಹೋಗ್ತೀನಲ್ಲ, ಸಾಕು’ ಅನ್ನುವವರು ಈ ಎರಡನೇ ಮಾತನ್ನು ಕೇಳಿಸಿಕೊಂಡಿರುವುದಿಲ್ಲ.

ಹಾಗಾದರೆ ಯಾವ ಯೋಜನೆ? ಮೊದಲು ನೀವು ಎಲ್ಲಿದ್ದೀರಿ ಅಂತ ನೋಡಿಕೊಳ್ಳಿ. ಕೈಯಿಲ್ಲದ ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು ಕುಳಿತುಕೊಳ್ಳಿ. ಕೈಗಳನ್ನು ಎದೆಯ ಮೇಲೆ ಅಡ್ಡಕಟ್ಟಿ, 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರಬಲ್ಲಿರಿ ಎಣಿಸಿ. ವೈದ್ಯರು ಹಿರಿಯರಿಗೆ ಮಾಡಿಸುವ ಪರೀಕ್ಷೆಯಿದು. 60ರಿಂದ 64 ವಯಸ್ಸಿನ ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ಸರಾಸರಿಗಿಂತ ಕೆಳಗೆ ಎಂದು ಲೆಕ್ಕ. ನಲವತ್ತರಲ್ಲೇ ಹತ್ತಕ್ಕೆ ಏದುಸಿರು ಬಂತೇ? ಬೇಜಾರು ಬೇಡ. ಆದರೆ ನೆಗೆದು ಹಾರುವ ಯೋಜನೆ ನಿಮಗಲ್ಲ, ಸದ್ಯಕ್ಕೆ.

ಎರಡನೆಯದಾಗಿ, ಯೋಜನೆಯಲ್ಲಿ ಕೂತು ಏಳುವುದು, ತಳ್ಳುವುದು, ಸೊಂಟ ಎತ್ತುವುದು, ಎಳೆಯುವುದು ನಾಲ್ಕೂ ಇವೆಯೇ ನೋಡಿ. ಹೊಟ್ಟೆಯೊಂದಕ್ಕೇ ಇಪ್ಪತ್ತು ಬಗೆ ಹೇಳುವ ಯೋಜನೆಯನ್ನು ಕಣ್ಣುಮುಚ್ಚಿ ಬಿಟ್ಟುಬಿಡಿ. ಹೊಟ್ಟೆಯ ಕಸರತ್ತು ಮಾಡಿದ ಮಾತ್ರಕ್ಕೆ ಹೊಟ್ಟೆಯ ಕೊಬ್ಬೇ ಕರಗುವುದಿಲ್ಲ. ಸೂರ್ಯ ನಮಸ್ಕಾರ ಬಲ್ಲವರಿಗೆ ತಳ್ಳುವುದು ಬಂತು, ಬಾಗುವುದೂ ಬಂತು, ಎಳೆಯುವುದು ಮಾತ್ರ ಇಲ್ಲ. ನಮ್ಮ ಅಜ್ಜಿಯರು ಬಾವಿಯಿಂದ ನೀರು ಸೇದಿ ಬೆನ್ನು ಗಟ್ಟಿ ಮಾಡಿಕೊಂಡಿದ್ದರು. ನಮಗೆ ನಲ್ಲಿ ಬಂತು, ಬೆನ್ನು ಗೂನಾಯಿತು. (ಸೇದುವ ಕಷ್ಟ ಅವರನ್ನೇ ಕೇಳಿ, ಬಾವಿ ಬೇಕೆಂದು ನಾನೇನೂ ಹೇಳುತ್ತಿಲ್ಲ!) ಕಿಟಕಿಯ ಕಬ್ಬಿಣದ ಸರಳು ಭದ್ರವಾಗಿದ್ದರೆ ಎದೆಯ ಮಟ್ಟದಲ್ಲಿ ಹಿಡಿದು, ಪಾದ ಗೋಡೆಯ ಹತ್ತಿರವಿಟ್ಟು, ಮೈಯನ್ನು ನೇರವಾಗಿ ಹಿಂದಕ್ಕೆ ವಾಲಿಸಿ ಎಳೆದುಕೊಳ್ಳಿ. ಅಲುಗಾಡುವ ಸರಳಾದರೆ ಅದರ ತಂಟೆಗೇ ಹೋಗಬೇಡಿ.

ಮೂರನೆಯದು ಬಹಳ ಮುಖ್ಯ. ಈಗಿನ ಹಂತ ಸುಲಭವಾದ ಮೇಲೆ ಮುಂದೇನು, ಕಷ್ಟವಾದರೆ ಹಿಂದೇನು ಅಂತ ಯೋಜನೆ ಹೇಳಬೇಕು. ಕೆನಡಾದ ವಾಯುಪಡೆ ಹೆಂಗಸರಿಗಾಗಿ ಎಕ್ಸ್‌ಬಿಎಕ್ಸ್ ಎಂಬ ಯೋಜನೆ ಮಾಡಿತ್ತು, ಅರವತ್ತರ ದಶಕದಲ್ಲಿ ಬಲು ಜನಪ್ರಿಯ. ದಿನಕ್ಕೆ 12 ನಿಮಿಷ, ಹತ್ತು ಕಸರತ್ತು. ವಯಸ್ಸು ಹೆಚ್ಚಿದಷ್ಟೂ ಒಂದೊಂದು ಹಂತದಲ್ಲಿ ಹೆಚ್ಚು ದಿನ ನಿಲ್ಲಬೇಕು. ಅದರ ಕೆಲವು ಕಸರತ್ತುಗಳನ್ನು, ಕಾಲು ನೀಡಿಕೊಂಡೇ ಮಲಗಿ ಏಳುವುದನ್ನು, ಈಗ ಯಾರೂ ಹೇಳುವುದಿಲ್ಲ, ಬೆನ್ನಿಗೆ ಒಳ್ಳೆಯದಲ್ಲ. ಆದರೆ ಆ ಏಣಿಯ ಕ್ರಮ ಮಾತ್ರ ಈಗಲೂ ಸರಿ.

ಪುಷ್‌ಅಪ್ ಅನ್ನೇ ತೆಗೆದುಕೊಳ್ಳಿ. ಮೊದಲು ಗೋಡೆಗೆ, ಆಮೇಲೆ ಅಡುಗೆಮನೆ ಕಟ್ಟೆಗೆ, ನಂತರ ಮೆಟ್ಟಿಲಿಗೆ, ಕೊನೆಗೆ ನೆಲಕ್ಕೆ. ಕೈ ಇಡುವ ಜಾಗ ಕೆಳಗಿಳಿದಷ್ಟೂ ಭಾರ ಹೆಚ್ಚು. ಎಂಟೆಂಟರ ಮೂರು ಸುತ್ತಿನಿಂದ ಶುರುಮಾಡಿ, ‘ಇನ್ನೆರಡು ಮಾಡಬಹುದಿತ್ತು’ ಅನ್ನಿಸುವಾಗಲೇ ನಿಲ್ಲಿಸಿ. ಹನ್ನೆರಡರ ಮೂರು ಸುತ್ತು ಎರಡು ಸಲ ಸಲೀಸಾಗಿ ಮುಗಿದರೆ ಒಂದು ಮೆಟ್ಟಿಲು ಕೆಳಗೆ. ಕುರ್ಚಿಯಿಂದ ಏಳುವುದಕ್ಕೂ ಇದೇ ಲೆಕ್ಕ, ಕುರ್ಚಿ ಹೋಗಿ ಗಿಡ್ಡ ಸ್ಟೂಲು ಬರುತ್ತದೆ ಅಷ್ಟೇ. ವಾರಕ್ಕೆ ಮೂರು ದಿನ ಸಾಕು, ನಡುವೆ ಒಂದೊಂದು ದಿನ ಬಿಡುವು. ಉಸಿರು ಬಿಗಿಹಿಡಿಯಬೇಡಿ, ಬಿಪಿ ಇರುವವರಂತೂ ಬೇಡವೇ ಬೇಡ.

ಯಾರೂ ಬಾಯಿಬಿಟ್ಟು ಹೇಳದ ವಿಷಯವೊಂದಿದೆ. ಹೆರಿಗೆಯಾದ ಎಷ್ಟೋ ಹೆಂಗಸರಿಗೆ ನೆಗೆದರೆ, ಕೆಮ್ಮಿದರೆ ಮೂತ್ರ ತೊಟ್ಟಿಕ್ಕುತ್ತದೆ. ನಾಚಿಕೊಂಡು ಕಸರತ್ತನ್ನೇ ಬಿಡುತ್ತಾರೆ, ಇಲ್ಲವೇ ಪ್ಯಾಡ್ ಇಟ್ಟುಕೊಂಡು ನೆಗೆಯುತ್ತಾರೆ. ಎರಡೂ ಬೇಡ. ಶ್ರೋಣಿಯ ತಳದ ಸ್ನಾಯು ಸಡಿಲಾಗಿದ್ದರೆ ಹೀಗಾಗುತ್ತದೆ, ಅದಕ್ಕೂ ವ್ಯಾಯಾಮವಿದೆ. ಸ್ತ್ರೀರೋಗ ತಜ್ಞೆಯನ್ನೋ ಫಿಸಿಯೋಥೆರಪಿಸ್ಟರನ್ನೋ ಕೇಳಿ, ಅಲ್ಲಿಯವರೆಗೆ ನೆಗೆತ ಇಲ್ಲದ ಯೋಜನೆ ಹಿಡಿಯಿರಿ. ಸಿಸೇರಿಯನ್ ಆದವರು, ಇನ್ಸುಲಿನ್ ತೆಗೆದುಕೊಳ್ಳುವವರು, ಎದೆನೋವು ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಶುರುಮಾಡುವಂತಿಲ್ಲ. ಸ್ನಾಯು ನೋವು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ.

ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲೇ ಆ ದಿನದ ಎಣಿಕೆ ಗೀಚಿಡಿ. ತಿಂಗಳ ಕೊನೆಗೆ ಕುರ್ಚಿ ಪರೀಕ್ಷೆ ಮತ್ತೊಮ್ಮೆ ಮಾಡಿ, ತೂಕದ ಯಂತ್ರ ಹತ್ತುವುದಕ್ಕೆ ಮೊದಲು.