ಬೆಲ್-ಈಲ್ ಬಂಡೆಗಳನ್ನು ಮೊನೆ ಬರೆದ ಬಗೆ

ಫ್ರಾನ್ಸಿನ ಬ್ರಿಟನಿ ತೀರದಾಚೆ ಬೆಲ್-ಈಲ್ ಎಂಬ ದ್ವೀಪವಿದೆ. ಅದರ ಪಶ್ಚಿಮದ ಅಂಚನ್ನು ಅಲ್ಲಿನವರು ಕರೆಯುವುದೇ ‘ಕಾಡು ಕರಾವಳಿ’ ಎಂದು. ಅಟ್ಲಾಂಟಿಕ್ ಸಾಗರ ಬಡಿದು ಬಡಿದು ಕೊರೆದ ಕಪ್ಪು ಬಂಡೆಗಳು ಅಲ್ಲಿ ನೀರಿನಿಂದ ಮೊನಚಾಗಿ ಎದ್ದಿವೆ. 1886ರ ಸೆಪ್ಟೆಂಬರ್‌ನಲ್ಲಿ ಕೆಲವು ದಿನ ಇದ್ದು ಹೋಗಲೆಂದು ಬಂದ ಚಿತ್ರಕಾರ ಕ್ಲೋದ್ ಮೊನೆ ನವೆಂಬರ್‌ವರೆಗೂ ಅಲ್ಲಿಂದ ಕದಲಲಿಲ್ಲ. ಅಷ್ಟರಲ್ಲಿ 35ಕ್ಕೂ ಹೆಚ್ಚು ಚಿತ್ರಗಳು ಕೈಗೂಡಿದವು.

ಬಯಲಲ್ಲೇ ನಿಂತು ಬರೆಯುವುದು ಅವರ ಪದ್ಧತಿ. ಕ್ಯಾನ್ವಾಸು, ಬಣ್ಣದ ಪೆಟ್ಟಿಗೆ, ಈಸೆಲ್ ಎಂಬ ಮರದ ಆನಿಕೆ, ಎಲ್ಲವನ್ನೂ ಹೊತ್ತು ಬಂಡೆಯಂಚಿಗೆ ಹೋಗಬೇಕು. ಹೊರೆ ಹೊರಲು ಸ್ಥಳೀಯನೊಬ್ಬನಿದ್ದ. ಗಾಳಿಗೆ ಈಸೆಲ್ ಉರುಳದಂತೆ ಹಗ್ಗ ಬಿಗಿದು, ಕಲ್ಲು ಹೇರಿ ನಿಲ್ಲಿಸುತ್ತಿದ್ದರು. ಅಕ್ಟೋಬರ್‌ನ ಬಿರುಗಾಳಿ ಮಳೆಯಲ್ಲೂ ಕೆಲಸ ನಡೆಯಿತು. ಹೀಗೆ ಹೊರಗೆ ಬರೆಯುವುದು ಸಾಧ್ಯವಾದದ್ದರಲ್ಲಿ ತವರದ ಬಣ್ಣದ ಟ್ಯೂಬಿನ ಪಾಲೂ ದೊಡ್ಡದು. 1841ರಲ್ಲಿ ಅದು ಬರುವ ಮೊದಲು ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಒಮ್ಮೆ ಚುಚ್ಚಿದರೆ ಮತ್ತೆ ಸರಿಯಾಗಿ ಮುಚ್ಚಲಾಗದು.

ಕಡಲು ಚಿತ್ರಕಾರನಿಗಾಗಿ ಕಾಯುವುದಿಲ್ಲ. ಉಬ್ಬರಕ್ಕೆ ಮುಳುಗಿದ ಕಲ್ಲು ಇಳಿತಕ್ಕೆ ಮೇಲೇಳುತ್ತದೆ, ಮೋಡ ಸರಿದರೆ ನೀರಿನ ಬಣ್ಣವೇ ಬೇರೆ. ಆದ್ದರಿಂದ ಮೊನೆ ಒಂದೇ ನೋಟಕ್ಕೆ ಹಲವು ಕ್ಯಾನ್ವಾಸು ಹೂಡುತ್ತಿದ್ದರು. ಬೆಳಕು ಬದಲಾದರೆ ಕೈಯಲ್ಲಿದ್ದುದನ್ನು ಬದಿಗಿಟ್ಟು, ಆ ಹೊತ್ತಿಗೆ ಹೊಂದುವ ಇನ್ನೊಂದನ್ನು ಎತ್ತಿಕೊಳ್ಳುವುದು. ಈ ಕರಾವಳಿಯ ಪೋರ್-ಕೊತೋನಿನ ‘ಪಿರಮಿಡ್’ ಬಂಡೆಗಳು ಹೀಗೆ ಮತ್ತೆ ಮತ್ತೆ ಚಿತ್ರಗಳಾದವು.

ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿ ಈ ಸಾಲಿನದೊಂದು ಚಿತ್ರವಿದೆ. ಅಗಲ ಒಂದು ಮೀಟರೂ ಇಲ್ಲ. ದಿಗಂತವನ್ನು ಮೇಲಿನ ಅಂಚಿಗೆ ಒತ್ತಿ, ಆಕಾಶಕ್ಕೆ ಒಂದು ಪಟ್ಟಿಯಷ್ಟೇ ಬಿಟ್ಟಿದ್ದಾರೆ. ಮಿಕ್ಕೆಲ್ಲ ನೀರು ಮತ್ತು ಕಲ್ಲು. ನೋಡುವವರು ಎತ್ತರದಿಂದ ಕೆಳಗೆ ಬಗ್ಗಿದ ಹಾಗಾಗುತ್ತದೆ. ದೂರದಿಂದ ಕಪ್ಪೆನಿಸುವ ಬಂಡೆಯ ಹತ್ತಿರ ಹೋದರೆ ನೇರಳೆ, ಕಡುಹಸಿರು, ನೀಲಿ, ಕೆಂಗಂದು ಕಾಣುತ್ತವೆ. ಕುಂಚದ ಗೀಟು ಬಂಡೆಯ ಬಿರುಕು ಹರಿದತ್ತ ಹರಿಯುತ್ತದೆ. ನೀರಿಗೆ ಬಂದರೆ ಗಿಡ್ಡನೆಯ, ಬಾಗಿದ ಗೀಟುಗಳು. ಕಲ್ಲಿನ ಬುಡದ ನೊರೆಗೆ ದಪ್ಪ ಬಿಳಿ.

ಎಣ್ಣೆಬಣ್ಣ ಒಣಗಲು ದಿನಗಳೇ ಬೇಕು. ಹಸಿಯ ಮೇಲೆ ಹಸಿ ಹಚ್ಚಿದರೆ ಕೆಳಗಿನದು ಕುಂಚಕ್ಕೆ ಅಂಟಿ ಎರಡೂ ಬೆರೆಯುತ್ತವೆ. ಒಣಗಿದ ಪದರದ ಮೇಲೆ ಎಳೆದರೆ ಹೊಸ ಬಣ್ಣ ಉಬ್ಬುಗಳ ಮೇಲಷ್ಟೇ ಕೂತು, ಸಂದುಗಳಲ್ಲಿ ಹಳೆಯದು ಇಣುಕುತ್ತದೆ. ಅಲೆಯ ಹೊಳಪು ಹುಟ್ಟುವುದು ಇಲ್ಲಿ. ಒಂದೇ ಉಸಿರಿಗೆ ಬರೆದಂತೆ ತೋರುವ ಈ ಕಡಲು ಹಾಗಾಗಿ ಹಲವು ಸರದಿಗಳ ಕೆಲಸ. ದ್ವೀಪದಲ್ಲಿ ಮುಗಿಯದ ಚಿತ್ರಗಳನ್ನು ಮೊನೆ ಜಿವರ್ನಿಯ ಮನೆಗೆ ಒಯ್ದು ತಿದ್ದಿದರು. 1887ರಲ್ಲಿ ಕೆಲವನ್ನು ಪ್ಯಾರಿಸ್ಸಿನ ಜಾರ್ಜ್ ಪೆತಿ ಗ್ಯಾಲರಿಯಲ್ಲಿ ಪ್ರದರ್ಶನಕ್ಕಿಟ್ಟರು.