ಪ್ರತಿಮೆ ಉಳಿಯಿತು, ದೀಪ ಆರಿತು

ಆಳುವವರು ಹೋದರೆ ಅವರ ಪ್ರತಿಮೆಗಳೂ ಹೋಗುವುದು ಲೋಕರೂಢಿ. ಹಾಂಗ್‌ಕಾಂಗಿನ ಮಾತು ಬೇರೆ. ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಕರಗಿಸಲೆಂದು ಕೊಂಡೊಯ್ದು, ಯುದ್ಧಾನಂತರ ಹಿಂದಿರುಗಿ ಬಂದ ವಿಕ್ಟೋರಿಯಾ ರಾಣಿಯ ಕಂಚಿನ ಪ್ರತಿಮೆ, 1997ರ ಜುಲೈ 1ರಂದು ಊರು ಚೀನದ ವಶವಾದ ಮೇಲೂ ರಾಣಿಯ ಹೆಸರಿನ ಉದ್ಯಾನದಲ್ಲಿಯೇ ಕುಳಿತಿದೆ.

ಹಾಗೆಂದು ಹೋದ ಆಳ್ವಿಕೆಯನ್ನು ಹೊಗಳಲು ನಾನು ಹೊರಟಿಲ್ಲ. ಬ್ರಿಟನ್ ಕಳುಹಿಸಿದ 28 ಮಂದಿ ಗವರ್ನರುಗಳಲ್ಲಿ ಒಬ್ಬರನ್ನಾದರೂ ಅಲ್ಲಿನ ಜನ ಆರಿಸಿದ್ದಿಲ್ಲ. ಆದರೆ 1984ರ ಒಪ್ಪಂದದಲ್ಲಿ ಚೀನ ಒಂದು ಮಾತು ಕೊಟ್ಟಿತ್ತು: ಹಾಂಗ್‌ಕಾಂಗಿನ ಜೀವನಕ್ರಮ 50 ವರ್ಷ ಬದಲಾಗದು ಎಂದು. ಜೀವನಕ್ರಮವೆಂಬ ಆ ಪದದ ಅರ್ಥವೇನೆಂಬುದು ನನ್ನನ್ನು ಬಹುಕಾಲದಿಂದ ಕಾಡುತ್ತಿರುವ ಪ್ರಶ್ನೆ.

ಕಣ್ಣಿಗೆ ಕಾಣುವಷ್ಟರ ಮಟ್ಟಿಗೆ ಮಾತು ನಡೆದಿದೆ. 1904ರಲ್ಲಿ ಹೊರಟ ಟ್ರಾಮು ಇಂದೂ ಓಡುತ್ತಿದೆ. ಕುದುರೆಜೂಜು ನಿಂತಿಲ್ಲ. ಹಾಂಗ್‌ಕಾಂಗಿನ ಡಾಲರು ಚಲಾವಣೆಯಲ್ಲಿದೆ. ನ್ಯಾಯಾಲಯಗಳಲ್ಲಿ ಇಂಗ್ಲಿಷೂ ನಡೆಯುತ್ತದೆ. ಬೀದಿಯಲ್ಲಿ ಕಿವಿಗೆ ಬೀಳುವುದು ಇಂದಿಗೂ ಕ್ಯಾಂಟನೀಸ್ ನುಡಿಯೇ.

ಆದರೆ ರಾಣಿಯ ಉದ್ಯಾನದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. 1989ರಲ್ಲಿ ಬೀಜಿಂಗಿನ ತಿಯನಾನ್‌ಮೆನ್ ಚಳವಳಿಯ ದಮನದಲ್ಲಿ ಮಡಿದವರ ನೆನಪಿಗಾಗಿ, 1990ರಿಂದ 2019ರವರೆಗೆ ಪ್ರತಿ ಜೂನ್ 4ರ ಸಂಜೆ ಸಹಸ್ರಾರು ಜನ ಅಲ್ಲಿ ನೆರೆದು ಮೇಣದ ಬತ್ತಿ ಹಚ್ಚುತ್ತಿದ್ದರು. 2019ರಲ್ಲಿ ಊರೇ ಬೀದಿಗಿಳಿಯಿತು, ಘರ್ಷಣೆಗಳಾದವು. 2020ರಲ್ಲಿ ಸಾಂಕ್ರಾಮಿಕ ರೋಗದ ಕಾರಣ ಹೇಳಿ ಆ ಸಂಜೆಯ ಸಭೆಗೆ ಅನುಮತಿ ನಿರಾಕರಿಸಿದರು. ಅದೇ ಜೂನ್ 30ರಂದು ರಾಷ್ಟ್ರೀಯ ಭದ್ರತಾ ಕಾನೂನು ಜಾರಿಗೆ ಬಂದಿತು. ರೋಗ ತೊಲಗಿದರೂ ದೀಪ ಮರಳಲಿಲ್ಲ. ಮಡಿದವರ ಸ್ಮರಣೆಗೆ ಹಾಂಗ್‌ಕಾಂಗ್ ವಿಶ್ವವಿದ್ಯಾನಿಲಯದಲ್ಲಿ ನಿಂತಿದ್ದ 8 ಮೀಟರ್ ಎತ್ತರದ ಸ್ತಂಭವನ್ನು 2021ರ ಡಿಸೆಂಬರಿನಲ್ಲಿ ರಾತ್ರೋರಾತ್ರಿ ತೆಗೆದು ಸಾಗಿಸಲಾಯಿತು. 2023ರ ಜೂನ್ 4ರಂದು ಉದ್ಯಾನದಲ್ಲಿ ಚೀನದ ನಾನಾ ಪ್ರಾಂತಗಳ ತಿಂಡಿತಿನಿಸುಗಳ ಜಾತ್ರೆ ನೆರೆದಿತ್ತು.

ಶಾಂತಿ ನೆಲಸಿತೆಂದು ಸರಕಾರ ಹೇಳುತ್ತದೆ. ಬೀದಿಗಳು ಶಾಂತವಾಗಿರುವುದೂ ನಿಜವೇ. ಆದರೂ ವಾಚಕರು ಯೋಚಿಸಬೇಕು: ಪರದೇಶದ ರಾಣಿಯನ್ನು ಸಹಿಸಿಕೊಂಡ ಪ್ರಭುತ್ವ, ತನ್ನ ಜನ ಹಚ್ಚಿದ ಬತ್ತಿಯನ್ನೇಕೆ ಸಹಿಸಲಿಲ್ಲ? ಕಂಚಿನ ರಾಣಿ ಯಾರಿಂದಲೂ ಲೆಕ್ಕ ಕೇಳುವವಳಲ್ಲ. ಬತ್ತಿ ಹಿಡಿದ ಕೈ ಕೇಳುತ್ತದೆ.

ಕೊಟ್ಟ ಮಾತಿನ ಅವಧಿ 2047ಕ್ಕೆ ಮುಗಿಯುತ್ತದೆ. ಅಂದೂ ಟ್ರಾಮು ಓಡುತ್ತಿದ್ದೀತು. ಅದರಲ್ಲಿ ಕುಳಿತು ಉದ್ಯಾನದ ಪಕ್ಕದಲ್ಲಿ ಹಾಯುವ ಮೊಮ್ಮಗನಿಗೆ, ಇಲ್ಲಿ ಹಿಂದೆ ಏನು ನಡೆಯುತ್ತಿತ್ತೆಂದು ಅಜ್ಜಿ ದನಿ ತಗ್ಗಿಸದೆ ಹೇಳಬಲ್ಲಳೆ? ಜೀವನಕ್ರಮ ಉಳಿಯಿತೋ ಇಲ್ಲವೋ ಎಂಬುದಕ್ಕೆ ನಾನು ಬಲ್ಲ ಒರೆಗಲ್ಲು ಅದೊಂದೇ.